ಕಿಡ್ನಿ ರಿಪೋರ್ಟ್ ಕೈಗೆ ಬಂತು, ಓದೋದು ಹೇಗೆ? ರೋಗಿಗಳಿಗೆ ಹಂತ ಹಂತದ ಮಾರ್ಗದರ್ಶಿ

"ಕಿಡ್ನಿ ಸ್ವಲ್ಪ ವೀಕ್ ಇದೆ." "ಕ್ರಿಯಾಟಿನಿನ್ ಜಾಸ್ತಿ ಬಂದಿದೆ." "ಪ್ರೋಟೀನ್ ಹೋಗ್ತಾ ಇದೆ." ಡಾಕ್ಟರ ಕೋಣೆಯಿಂದ ಹೊರಬರುವಾಗ ಹೆಚ್ಚಿನವರ ಕೈಯಲ್ಲಿ ಇರೋದು ಇಂಥ ಒಂದು ವಾಕ್ಯ ಮಾತ್ರ. ಇದರಲ್ಲಿ ಯಾವುದೂ ಡಯಾಗ್ನೋಸಿಸ್ ಅಲ್ಲ. ಜ್ವರ ಬಂದಿದೆ ಅಂದ ಹಾಗೆ ಅಷ್ಟೇ, ಯಾವ ಜ್ವರ, ಯಾಕೆ ಬಂತು ಅಂತ ಇನ್ನೂ ಯಾರೂ ಹೇಳಿಲ್ಲ.

ಪೂರ್ತಿ ಡಯಾಗ್ನೋಸಿಸ್ ಅಂದರೆ ಅದರಲ್ಲಿ ಮೂರು ಭಾಗ ಇರಬೇಕು. ಕಾರಣ ಏನು, ಕಿಡ್ನಿ ಎಷ್ಟು ಸೋಸುತ್ತಿದೆ, ಮೂತ್ರದಲ್ಲಿ ಪ್ರೋಟೀನ್ ಎಷ್ಟು ಸೋರುತ್ತಿದೆ. ಇದು ನಾನು ಕಟ್ಟಿದ್ದಲ್ಲ. ಕೆಡಿಗೋ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2012ರ ತನ್ನ ಮಾರ್ಗಸೂಚಿಯಲ್ಲಿ ಹೀಗೇ ಬರೆಯಬೇಕು ಅಂದಿತು, 2024ರ ಪರಿಷ್ಕರಣೆಯಲ್ಲೂ ಅದನ್ನೇ ಉಳಿಸಿಕೊಂಡಿತು. ಹಾಗಿದ್ದರೂ ಎಷ್ಟೋ ಫೈಲುಗಳಲ್ಲಿ "ಸಿಕೆಡಿ" (ದೀರ್ಘಕಾಲದ ಕಿಡ್ನಿ ಕಾಯಿಲೆ) ಅನ್ನೋ ಮೂರಕ್ಷರ ಬಿಟ್ಟರೆ ಬೇರೇನೂ ಇರೋದಿಲ್ಲ. ಉಳಿದದ್ದನ್ನು ಕೇಳಿ ತಿಳಿಯೋದು ನಿಮ್ಮ ಪಾಲಿಗೆ ಬರುತ್ತದೆ. ಹೇಗೆ ಅಂತ ನೋಡೋಣ.

ಹಂತ 1: ಹಳೆಯ ರಿಪೋರ್ಟ್‌ಗಳನ್ನು ಹುಡುಕಿ ತೆಗೆಯಿರಿ

ಹೊಸ ಟೆಸ್ಟ್ ಮಾಡಿಸೋಕೆ ಮುಂಚೆ ಈ ಕೆಲಸ ಮಾಡಿ. ನಾಲ್ಕು ವರ್ಷದ ಹಿಂದೆ ಯಾವುದೋ ಆಪರೇಷನ್‌ಗೆ ಅಂತ ರಕ್ತ ಕೊಟ್ಟಿರಬಹುದು, ಇನ್ಶೂರೆನ್ಸ್‌ಗೆ ಚೆಕಪ್ ಆಗಿರಬಹುದು, ಹೆರಿಗೆ ಸಮಯದ ಫೈಲ್ ಇರಬಹುದು. ಇಂಥವುಗಳಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿನ ಕಸ) ಎಷ್ಟೋ ಸಲ ಇರುತ್ತದೆ. ಒಂದು ಹಾಳೆಯಲ್ಲಿ ದಿನಾಂಕ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಬಿಪಿ, ಆಗ ತಗೊಳ್ತಿದ್ದ ಮಾತ್ರೆ, ಇಷ್ಟು ಬರೆದುಕೊಳ್ಳಿ. ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞ) ಮುಂದೆ ಇಟ್ಟಾಗ ಅವರು ಮೊದಲು ನೋಡೋದು ಈ ಹಾಳೆಯನ್ನೇ. ಇವತ್ತಿನ ಒಂದು ನಂಬರ್‌ಗಿಂತ ಹಿಂದಿನ ಮೂರು ನಂಬರ್‌ಗಳಿಗೆ ಬೆಲೆ ಜಾಸ್ತಿ.

ಬರೆಯುವಾಗ ಯೂನಿಟ್ ಗಮನಿಸಿ. ಕೆಲವು ಲ್ಯಾಬ್‌ಗಳು ಕ್ರಿಯಾಟಿನಿನ್ ಅನ್ನು ಎಂಜಿ/ಡಿಎಲ್‌ನಲ್ಲಿ ಕೊಡುತ್ತವೆ, ಕೆಲವು ಮೈಕ್ರೊಮೋಲ್/ಲೀಟರ್‌ನಲ್ಲಿ. ಎರಡನೆಯದನ್ನು 88.4ರಿಂದ ಭಾಗಿಸಿದರೆ ಮೊದಲನೆಯದು ಸಿಗುತ್ತದೆ. ಯೂರಿಯಾ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. ಒಂದು ಲ್ಯಾಬ್ "ಯೂರಿಯಾ 43" ಅಂತ ಬರೆದಿದೆ, ಇನ್ನೊಂದು "ಬಿಯುಎನ್ 20" ಅಂತ. ಅರ್ಧಕ್ಕೆ ಇಳಿಯಿತು ಅಂತ ಖುಷಿಪಡಬೇಡಿ, ಎರಡೂ ಒಂದೇ. ಬಿಯುಎನ್ ಅಂದರೆ ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ, ಅದನ್ನು 2.14ರಿಂದ ಗುಣಿಸಿದರೆ ಯೂರಿಯಾ. ಇನ್ನು ಯೂರಿಯಾ ಒಂದೇ ಜಾಸ್ತಿ ಇದ್ದರೆ ಕಿಡ್ನಿ ಹಾಳಾಗಿದೆ ಅಂತ ಅಲ್ಲ. ನೀರು ಕಡಿಮೆ ಕುಡಿದರೂ, ಹೊಟ್ಟೆಯೊಳಗೆ ರಕ್ತ ಸೋರಿದರೂ, ಸ್ಟೀರಾಯ್ಡ್ ತಗೊಂಡರೂ ಅದು ಏರುತ್ತದೆ.

ಹಂತ 2: ಇದು ಹೊಸದಾ, ಹಳೆಯದಾ?

ಕಿಡ್ನಿ ತೊಂದರೆ ಮೂರು ತಿಂಗಳಿಗಿಂತ ಜಾಸ್ತಿ ಕಾಲ ಇದ್ದರೆ ಮಾತ್ರ ಅದಕ್ಕೆ ಸಿಕೆಡಿ, ಅಂದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನಬಹುದು. ಒಂದೇ ಒಂದು ರಿಪೋರ್ಟ್ ನೋಡಿ, ಹಳೆಯದು ಯಾವುದೂ ಇಲ್ಲದೆ, "ನಿಮಗೆ ಸಿಕೆಡಿ" ಅಂದರೆ ಹೇಗೆ ಗೊತ್ತಾಯಿತು ಅಂತ ಕೇಳಬಹುದು. ತಪ್ಪೇನಿಲ್ಲ. ಉತ್ತರವೂ ಇರಬಹುದು: ಸ್ಕ್ಯಾನ್‌ನಲ್ಲಿ ಎರಡೂ ಕಿಡ್ನಿ ಸಣ್ಣದಾಗಿ ಕುಗ್ಗಿದ್ದರೆ ಅದು ಹಳೆಯ ಕಾಯಿಲೆ ಅಂತ ಹೆಚ್ಚುಕಡಿಮೆ ಖಚಿತ.

ಇದಕ್ಕೆ ಉಲ್ಟಾ ಎಕೆಐ. ದಿಢೀರ್ ಅಂತ ಆಗುವ ಕಿಡ್ನಿ ಪೆಟ್ಟು. 48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಎಂಜಿ/ಡಿಎಲ್ ಏರಿದರೆ, ಅಥವಾ ಏಳು ದಿನದಲ್ಲಿ ಒಂದೂವರೆ ಪಟ್ಟಾದರೆ ಈ ಹೆಸರು ಕೊಡುತ್ತಾರೆ. ವಾಂತಿ-ಭೇದಿ, ದೊಡ್ಡ ಸೋಂಕು, ನೋವಿನ ಮಾತ್ರೆ, ಮೂತ್ರದ ದಾರಿಯಲ್ಲಿ ಅಡ್ಡ, ಹಾವಿನ ಕಡಿತ, ಹೀಗೆ ಕಾರಣ ಹತ್ತಾರು. ಕಾರಣ ಬೇಗ ಸಿಕ್ಕಿದರೆ ಎಷ್ಟೋ ಸಲ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಎಕೆಐ ಇರುವಾಗ ಲ್ಯಾಬ್ ಪ್ರಿಂಟ್ ಮಾಡಿದ ಇಜಿಎಫ್‌ಆರ್ (ಕಿಡ್ನಿ ಸೋಸುವ ಶಕ್ತಿಯ ಅಂದಾಜು) ಅನ್ನು ನಂಬಬೇಡಿ. ಆ ಲೆಕ್ಕ ನಡೆಯೋದು ಕ್ರಿಯಾಟಿನಿನ್ ಒಂದು ಮಟ್ಟದಲ್ಲಿ ನಿಂತಿದ್ದಾಗ ಮಾತ್ರ. ಹಳೆಯ ಕಾಯಿಲೆಯ ಮೇಲೆ ಹೊಸ ಪೆಟ್ಟು ಬಿದ್ದಿರೋದೂ ಉಂಟು. ಡಾಕ್ಟರನ್ನು ಕೇಳಬೇಕಾದ್ದು ಇಷ್ಟೇ: "ಇದರಲ್ಲಿ ವಾಪಸ್ ಬರುವ ಭಾಗ ಎಷ್ಟಿದೆ ಅನ್ನಿಸುತ್ತದೆ?"

ಹಂತ 3: ಕ್ರಿಯಾಟಿನಿನ್ ಬಿಟ್ಟು ಇಜಿಎಫ್‌ಆರ್ ನೋಡಿ

ಕ್ರಿಯಾಟಿನಿನ್ ಬರೋದು ಸ್ನಾಯುಗಳಿಂದ. ಸ್ನಾಯು ಜಾಸ್ತಿ ಇರುವವರಲ್ಲಿ ಅದು ಜಾಸ್ತಿ, ಬಡಕಲು ಮೈಯವರಲ್ಲಿ ಕಡಿಮೆ. ಹಾಗಾಗಿ ಎಲ್ಲರಿಗೂ ಒಂದೇ "ನಾರ್ಮಲ್" ಅನ್ನೋದು ಮೋಸ. ಇಜಿಎಫ್‌ಆರ್ ಅಂದರೆ ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಅನ್ನೋದನ್ನು ಸೂತ್ರಕ್ಕೆ ಹಾಕಿ, ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಅಂತ ಅಂದಾಜು ಮಾಡೋದು. ಈಗ ಹೆಚ್ಚು ಬಳಕೆಯಲ್ಲಿರೋದು 2021ರ ಸಿಕೆಡಿ-ಎಪಿ ಸೂತ್ರ. ಹಳೆಯ ರಿಪೋರ್ಟ್‌ನಲ್ಲಿ ಬೇರೆ ಸೂತ್ರ ಇದ್ದರೆ ಎರಡನ್ನೂ ನೇರವಾಗಿ ಹೋಲಿಸಬೇಡಿ, ಹಳೆಯ ಕ್ರಿಯಾಟಿನಿನ್ ಹಾಕಿ ಹೊಸ ಸೂತ್ರದಲ್ಲಿ ಲೆಕ್ಕ ಮಾಡಿ. ಆನ್‌ಲೈನ್ ಕ್ಯಾಲ್ಕುಲೇಟರ್ ಸಾಕು.

ಒಂದು ಉದಾಹರಣೆ ತಗೊಳ್ಳಿ. ಇಬ್ಬರಿಗೂ ಕ್ರಿಯಾಟಿನಿನ್ 1.3. ಒಬ್ಬ 35 ವರ್ಷದ ಗಂಡಸು, ಇನ್ನೊಬ್ಬರು 70 ವರ್ಷದ ಹೆಂಗಸು. 2021ರ ಸೂತ್ರದಲ್ಲಿ ಆತನ ಇಜಿಎಫ್‌ಆರ್ ಸುಮಾರು 73, ಆಕೆಯದು ಸುಮಾರು 44. ಕಾಗದದ ಮೇಲೆ ಒಂದೇ ಅಂಕಿ, ಒಳಗಿನ ಪರಿಸ್ಥಿತಿ ಪೂರ್ತಿ ಬೇರೆ. ಈ ಇಬ್ಬರೂ ಮುಂದೆ ಮತ್ತೆ ಬರುತ್ತಾರೆ, ನೆನಪಿಟ್ಟುಕೊಳ್ಳಿ.

ಇಜಿಎಫ್‌ಆರ್‌ನ ಹಂತಗಳು ಹೀಗಿವೆ. 90 ಅಥವಾ ಮೇಲೆ ಇದ್ದರೆ ಜಿ1, 60ರಿಂದ 89 ಜಿ2, 45ರಿಂದ 59 ಜಿ3ಎ, 30ರಿಂದ 44 ಜಿ3ಬಿ, 15ರಿಂದ 29 ಜಿ4, 15ಕ್ಕಿಂತ ಕೆಳಗೆ ಜಿ5. ಜಿ1, ಜಿ2 ಅಂತ ಬರೆದ ಮಾತ್ರಕ್ಕೆ ಕಾಯಿಲೆ ಅಂತಲ್ಲ. ಮೂತ್ರ ಸರಿಯಿದೆ, ಸ್ಕ್ಯಾನ್ ಸರಿಯಿದೆ, ಇಜಿಎಫ್‌ಆರ್ 75 ಅಂದರೆ ಅದು ಸಿಕೆಡಿ ಅಲ್ಲ. ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಕ್ರಿಯಾಟಿನಿನ್ ಏರುವ ರೀತಿಯೂ ವಿಚಿತ್ರ. 0.7 ಇದ್ದದ್ದು 1.4 ಆದರೆ ಸೋಸುವ ಶಕ್ತಿ ಹೆಚ್ಚುಕಡಿಮೆ ಅರ್ಧ ಹೋಗಿದೆ, ಆದರೆ ಯಾರೂ ಗಾಬರಿ ಆಗೋದಿಲ್ಲ. 5.0 ಇದ್ದದ್ದು 5.7 ಆದರೆ ಮನೆಯಲ್ಲಿ ಎಲ್ಲರಿಗೂ ಗಾಬರಿ. ಅಲ್ಲಿ ನಿಜವಾಗಿ ಇಳಿದಿರೋದು ಇಜಿಎಫ್‌ಆರ್‌ನಲ್ಲಿ ಒಂದೆರಡು ಅಂಕಿ. ಗಾಬರಿ ಆಗಬೇಕಾದ್ದು ಮೊದಲನೆಯದಕ್ಕೆ.

ಇನ್ನು ಲೆಕ್ಕ ತಪ್ಪಿಸುವ ಕೆಲವು ಸಂಗತಿಗಳಿವೆ. ಟೆಸ್ಟ್‌ಗೆ ಮುಂಚೆ ಜಾಸ್ತಿ ಮಾಂಸ ತಿಂದಿದ್ದರೆ, ಜಿಮ್‌ಗೆ ಅಂತ ಕ್ರಿಯಾಟಿನ್ ಪುಡಿ ತಗೊಳ್ತಿದ್ದರೆ, ಟ್ರೈಮೆಥೊಪ್ರಿಮ್ ಇರುವ ಆಂಟಿಬಯೋಟಿಕ್ ನಡೀತಿದ್ದರೆ, ಕಿಡ್ನಿ ಸರಿಯಿದ್ದರೂ ಕ್ರಿಯಾಟಿನಿನ್ ಏರಬಹುದು. ತುಂಬಾ ಸಣಕಲು ಇರುವವರಲ್ಲಿ, ಕಾಲು ತೆಗೆಸಿಕೊಂಡವರಲ್ಲಿ ಉಲ್ಟಾ: ಕಿಡ್ನಿ ಸೋತಿದ್ದರೂ ನಂಬರ್ ಚೆನ್ನಾಗಿ ಕಾಣುತ್ತದೆ. ಇಂಥ ಸಂಶಯ ಇದ್ದರೆ ಸಿಸ್ಟಾಟಿನ್ ಸಿ ಅನ್ನೋ ಇನ್ನೊಂದು ರಕ್ತಪರೀಕ್ಷೆ ಇದೆ, ಅದಕ್ಕೆ ಸ್ನಾಯುವಿನ ಹಂಗು ಅಷ್ಟಿಲ್ಲ. ಆದರೆ ಥೈರಾಯ್ಡ್ ತೊಂದರೆ ಮತ್ತು ಸ್ಟೀರಾಯ್ಡ್ ಅದನ್ನೂ ಅಲುಗಾಡಿಸುತ್ತವೆ.

ಹಂತ 4: ಮೂತ್ರದ ರಿಪೋರ್ಟ್ ಎಲ್ಲಿ?

ಜನ ಬಿಟ್ಟುಬಿಡೋದು ಇದನ್ನೇ. ರಕ್ತ ಕೊಡ್ತಾರೆ, ಸ್ಕ್ಯಾನ್ ಮಾಡಿಸ್ತಾರೆ, ಮೂತ್ರಕ್ಕೆ ಮಾತ್ರ ಉದಾಸೀನ. ಕಿಡ್ನಿ ಎಷ್ಟು ಬೇಗ ಹದಗೆಡಬಹುದು ಅನ್ನೋದರ ಸುಳಿವು ಇಲ್ಲಿ ಜಾಸ್ತಿ ಸಿಗುತ್ತದೆ.

ಕೇಳಬೇಕಾದ ಟೆಸ್ಟ್ ಎಸಿಆರ್, ಅಂದರೆ ಮೂತ್ರದ ಆಲ್ಬುಮಿನ್ (ಒಂದು ಬಗೆಯ ಪ್ರೋಟೀನ್) ಮತ್ತು ಕ್ರಿಯಾಟಿನಿನ್ ಅನುಪಾತ. ಪಟ್ಟಿ ಅದ್ದಿ ನೋಡುವ "ಪ್ರೋಟೀನ್ 1+, 2+" ಅನ್ನೋದು ಮೊದಲ ಸುಳಿವಿಗೆ ಸರಿ, ಅಳತೆಗೆ ಸಾಲದು. ನೀರು ಜಾಸ್ತಿ ಕುಡಿದ ದಿನ ಮೂತ್ರ ತೆಳುವಾಗಿ ಅದೇ ಪ್ರೋಟೀನ್ ಕಡಿಮೆ ಕಾಣುತ್ತದೆ. ಎಸಿಆರ್ 30 ಎಂಜಿ/ಗ್ರಾಂಗಿಂತ ಕಡಿಮೆ ಇದ್ದರೆ ಎ1, 30ರಿಂದ 300 ಎ2, ಅದಕ್ಕಿಂತ ಮೇಲೆ ಎ3. ಬೆಳಗ್ಗೆ ಎದ್ದ ತಕ್ಷಣದ ಮೊದಲ ಮೂತ್ರ ಒಳ್ಳೆಯದು. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಭಾರೀ ವ್ಯಾಯಾಮ ಇವೆಲ್ಲ ನಂಬರನ್ನು ಏರಿಸುತ್ತವೆ. ಹಾಗಾಗಿ ಒಮ್ಮೆ ಜಾಸ್ತಿ ಬಂದರೆ ಇನ್ನೊಮ್ಮೆ ಮಾಡಿಸಲೇಬೇಕು.

24 ಗಂಟೆಯ ಮೂತ್ರ ಹಿಡಿಯಲು ಹೇಳಿದರೆ ಹೀಗೆ ಮಾಡಿ. ಬೆಳಗ್ಗೆ ಎದ್ದು ಮೊದಲ ಮೂತ್ರವನ್ನು ಟಾಯ್ಲೆಟ್‌ಗೇ ಬಿಡಿ, ಗಂಟೆ ಬರೆದಿಡಿ. ಆರು ಗಂಟೆ ಅಂದುಕೊಳ್ಳೋಣ. ಅಲ್ಲಿಂದ ಮುಂದೆ ಒಂದು ಹನಿಯೂ ಬಿಡದೆ ಕ್ಯಾನ್‌ಗೆ ಹಾಕಿ, ರಾತ್ರಿ ಎದ್ದಾಗಿನದೂ ಸೇರಿ. ಮರುದಿನ ಆರು ಗಂಟೆಗೆ ಮೂತ್ರ ಮಾಡಿ ಅದನ್ನೂ ಸೇರಿಸಿ ಮುಚ್ಚಳ ಹಾಕಿ. ಮೊದಲ ದಿನದ ಬೆಳಗಿನದನ್ನೂ ಸೇರಿಸಿಬಿಟ್ಟರೆ ಅದು 24 ಗಂಟೆಯದಲ್ಲ, ಹೆಚ್ಚುಕಡಿಮೆ ಒಂದೂಕಾಲು ದಿನದ್ದು. ಮಲವಿಸರ್ಜನೆಗೆ ಹೋಗುವಾಗ ಮುಂಚೆಯೇ ಕ್ಯಾನ್‌ಗೆ ಮೂತ್ರ ಮಾಡಿಕೊಳ್ಳಿ, ಅಲ್ಲೇ ಎಲ್ಲರೂ ಮರೆಯೋದು.

ಈಗ ನಮ್ಮ ಇಬ್ಬರಿಗೆ ಬರೋಣ. 73 ಇಜಿಎಫ್‌ಆರ್ ಇರುವ ಗಂಡಸಿನ ಎಸಿಆರ್ 600 ಬಂತು ಅಂದುಕೊಳ್ಳಿ. 44 ಇರುವ ಹೆಂಗಸಿನದು 12. ಅವನದು ಜಿ2 ಎ3, ಆಕೆಯದು ಜಿ3ಬಿ ಎ1. ಕೆಡಿಗೋದ ಬಣ್ಣದ ಕೋಷ್ಟಕ ತೆಗೆದು ನೋಡಿದರೆ ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ಅಪಾಯದ ಮನೆಗಳಿವೆ. ಇವರಿಬ್ಬರೂ ಇರೋದು ಒಂದೇ ಕಿತ್ತಳೆ ಮನೆಯಲ್ಲಿ! ಬರೀ ಕ್ರಿಯಾಟಿನಿನ್ ನೋಡಿದವರು ಗಂಡಸಿಗೆ "ನಾರ್ಮಲ್, ಹೋಗ್ಬನ್ನಿ" ಅಂದಿರುತ್ತಾರೆ. ಅವನ ಮುಂದೆ ಇನ್ನೂ ಎಷ್ಟೋ ವರ್ಷದ ಬದುಕಿದೆ, ಸೋರಿಕೆ ಹೀಗೇ ಮುಂದುವರಿದರೆ ಕಿಡ್ನಿ ಉಳಿಯೋದು ಕಷ್ಟ. ನನ್ನ ಕೇಳಿದರೆ ನೆಫ್ರಾಲಜಿಸ್ಟ್ ಹತ್ತಿರ ಮೊದಲು ಓಡಬೇಕಾದವನು ಅವನೇ.

ಅದೇ ರಿಪೋರ್ಟ್‌ನಲ್ಲಿ ಕೆಂಪು ರಕ್ತಕಣ, ಅದರಲ್ಲೂ ಆಕಾರಗೆಟ್ಟ ಕಣಗಳು ಅಥವಾ ಆರ್‌ಬಿಸಿ ಕಾಸ್ಟ್ (ಕೆಂಪು ಕಣಗಳು ಸೇರಿ ಅಚ್ಚಿನಂತೆ ಆದದ್ದು) ಅಂತ ಬರೆದಿದ್ದರೆ ಕಿಡ್ನಿಯ ಸೋಸುವ ಜಾಗದಲ್ಲೇ ಉರಿಯೂತ ಇದೆ ಅನ್ನೋ ಸೂಚನೆ. ತಡ ಮಾಡಬೇಡಿ.

ಹಂತ 5: "ಕಾರಣ ಏನು?" ಅಂತ ಕೇಳಿ, ಉತ್ತರ ಬರುವವರೆಗೂ ಕೇಳಿ

ಹಂತ ಗೊತ್ತಾಗೋದು ಸುಲಭ, ಕಾರಣ ಗೊತ್ತಾಗೋದು ಕಷ್ಟ. ಚಿಕಿತ್ಸೆ ನಿಂತಿರೋದು ಮಾತ್ರ ಕಾರಣದ ಮೇಲೆ.

ಸಕ್ಕರೆ ಕಾಯಿಲೆ ಮತ್ತು ಬಿಪಿ ಅತಿ ಸಾಮಾನ್ಯ ಕಾರಣಗಳು. ಅದಕ್ಕೇ ಇವು ಸುಲಭವಾಗಿ ಅಂಟಿಸುವ ಲೇಬಲ್ ಕೂಡ. ಸಕ್ಕರೆ ಬಂದು ಹಲವು ವರ್ಷ ಆಗಿದೆ, ಕಣ್ಣಿನ ರೆಟಿನಾದಲ್ಲೂ ಬದಲಾವಣೆ ಇದೆ, ಪ್ರೋಟೀನ್ ನಿಧಾನವಾಗಿ ಏರಿದೆ ಅಂದರೆ ಸಕ್ಕರೆಯಿಂದಲೇ ಅನ್ನೋದು ಒಪ್ಪುವ ಮಾತು. ಆದರೆ ಟೈಪ್ 2 ಸಕ್ಕರೆ ಬಂದದ್ದು ಮೊನ್ನೆ ಮೊನ್ನೆ, ಪ್ರೋಟೀನ್ ಒಮ್ಮೆಲೇ ಸುರಿಯುತ್ತಿದೆ, ಮೂತ್ರದಲ್ಲಿ ರಕ್ತ ಬೇರೆ ಇದೆ ಅಂದರೆ "ಬೇರೆ ಏನಾದರೂ ಇರಬಹುದಾ?" ಅಂತ ಕೇಳಲೇಬೇಕು. ಬಿಪಿ ಕತೆ ಇನ್ನೂ ಗೊಂದಲದ್ದು. ಬಿಪಿ ಕಿಡ್ನಿಯನ್ನು ಕೆಡಿಸುತ್ತದೆ, ಕೆಟ್ಟ ಕಿಡ್ನಿ ಬಿಪಿ ಏರಿಸುತ್ತದೆ. ಮೂವತ್ತರ ಹರೆಯದವರಿಗೆ "ಬಿಪಿಯಿಂದ ಕಿಡ್ನಿ ಹೋಯ್ತು" ಅಂದರೆ ನಾನಂತೂ ಅಷ್ಟಕ್ಕೇ ಒಪ್ಪುವುದಿಲ್ಲ.

ಸ್ಕ್ಯಾನ್ ರಿಪೋರ್ಟ್ ಭಾಷೆ ಹೆದರಿಸುತ್ತದೆ. ದೊಡ್ಡವರಲ್ಲಿ ಕಿಡ್ನಿ ಉದ್ದ ಸಾಮಾನ್ಯವಾಗಿ 9ರಿಂದ 12 ಸೆಂ.ಮೀ. "ಎಕೋಜೆನಿಸಿಟಿ ಹೆಚ್ಚಾಗಿದೆ", "ಕಾರ್ಟಿಕೋಮೆಡುಲ್ಲರಿ ಡಿಫರೆನ್ಸಿಯೇಷನ್ ಕಡಿಮೆಯಾಗಿದೆ" ಅಂದರೆ ಕಿಡ್ನಿಯೊಳಗೆ ಏನೋ ಕಾಯಿಲೆ ಇರಬಹುದು ಅಂತ ಮಾತ್ರ. ಯಾವ ಕಾಯಿಲೆ ಅಂತ ಅದು ಹೇಳೋದಿಲ್ಲ. "ಸಿಂಪಲ್ ಸಿಸ್ಟ್" ಒಂದೆರಡು ಇದ್ದರೆ ವಯಸ್ಸಾದಂತೆ ಬರುವಂಥದ್ದು, ಸಾಮಾನ್ಯವಾಗಿ ತೊಂದರೆ ಇಲ್ಲ. ಎರಡೂ ಕಿಡ್ನಿಯ ತುಂಬ ನೀರುಗುಳ್ಳೆ ಇದ್ದರೆ ಅದು ಪಾಲಿಸಿಸ್ಟಿಕ್ ಕಿಡ್ನಿ ಇರಬಹುದು. ಇದರ ಸಾಮಾನ್ಯ ಬಗೆಯಲ್ಲಿ ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ 50%. "ಹೈಡ್ರೊನೆಫ್ರೋಸಿಸ್" ಅಂದರೆ ಮೂತ್ರ ಕೆಳಗಿಳಿಯದೆ ಕಿಡ್ನಿಯಲ್ಲಿ ಕಟ್ಟಿಕೊಂಡು ಅದು ಉಬ್ಬಿದೆ ಅಂತ. ಕಲ್ಲು, ಪ್ರಾಸ್ಟೇಟ್ ಹೀಗೆ ಅಡ್ಡ ಏನಿದೆ ಅಂತ ನೋಡಬೇಕು. ಆಗ ಬೇಕಾಗೋದು ಯೂರಾಲಜಿಸ್ಟ್, ಅಂದರೆ ಮೂತ್ರದ ದಾರಿಯ ಸರ್ಜನ್. ಉಳಿದ ಹೆಚ್ಚಿನದಕ್ಕೆಲ್ಲ ನೆಫ್ರಾಲಜಿಸ್ಟ್.

ಮಾತ್ರೆಗಳ ಪಟ್ಟಿ ಮುಚ್ಚಿಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ವರ್ಷಗಟ್ಟಲೆ ನುಂಗಿದ ಗ್ಯಾಸ್ ಮಾತ್ರೆ, ಯಾರೋ ಕೊಟ್ಟ ಬೇರು-ಪುಡಿ, ಎಲ್ಲಾ ಹೇಳಿ. ಅರಿಸ್ಟೊಲೋಕಿಕ್ ಆಮ್ಲ ಇರುವ ಗಿಡಮೂಲಿಕೆಗಳು ಕಿಡ್ನಿಯನ್ನು ಶಾಶ್ವತವಾಗಿ ಹಾಳು ಮಾಡಿರುವುದು ಸಾಬೀತಾದ ವಿಷಯ. ಬೈಸಿಕೊಂಡರೂ ಪರವಾಗಿಲ್ಲ, ಹೇಳಿಬಿಡಿ.

ಇಷ್ಟಾದರೂ ಕಾರಣ ತಿಳಿಯದಿದ್ದರೆ, ಅಥವಾ ಪ್ರೋಟೀನ್ ತುಂಬಾ ಹೋಗುತ್ತಿದ್ದರೆ ಬಯಾಪ್ಸಿ. ಕ್ಯಾನ್ಸರ್ ಇದೆ ಅಂತ ಬಯಾಪ್ಸಿ ಮಾಡೋದು ಅಂತ ಕೆಲವರು ಹೆದರುತ್ತಾರೆ, ಇಲ್ಲಿ ಅದಲ್ಲ. ಬೋರಲು ಮಲಗಿಸಿ, ಬೆನ್ನಿನ ಭಾಗ ಮರಗಟ್ಟಿಸಿ, ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಎಳೆಯಷ್ಟು ಅಂಗಾಂಶ ತೆಗೆಯುತ್ತಾರೆ. ಆಮೇಲೆ ಹಲವು ಗಂಟೆ ಮಲಗಿಯೇ ಇರಬೇಕು. ಮುಖ್ಯ ಅಪಾಯ ರಕ್ತಸ್ರಾವ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಬಯಾಪ್ಸಿ ರಿಪೋರ್ಟ್‌ನಲ್ಲಿ ಐಜಿಎ ನೆಫ್ರೋಪತಿ, ಎಫ್‌ಎಸ್‌ಜಿಎಸ್, ಮೆಂಬ್ರೇನಸ್, ಮಿನಿಮಲ್ ಚೇಂಜ್, ಲೂಪಸ್ ನೆಫ್ರೈಟಿಸ್ ಇಂಥ ಹೆಸರು ಇರುತ್ತದೆ. ಹೆಸರಿಗಿಂತ ಕೆಳಗೆ ಎರಡು ಸಂಗತಿ ಹುಡುಕಿ. ಒಂದು, ಒಟ್ಟು ಎಷ್ಟು ಗ್ಲೋಮೆರುಲೈ (ಕಿಡ್ನಿಯ ಸೋಸುವ ಸಣ್ಣ ಜಾಲಗಳು) ಸಿಕ್ಕಿದವು, ಅದರಲ್ಲಿ ಎಷ್ಟು ಪೂರ್ತಿ ಗಟ್ಟಿಯಾಗಿವೆ. ಇನ್ನೊಂದು, ಐಎಫ್‌ಟಿಎ ಎಷ್ಟು ಶೇಕಡಾ. ಐಎಫ್‌ಟಿಎ ಅಂದರೆ ಗಾಯ ಮಾಗಿ ಕಲೆಯಾದ ಭಾಗ, ಅದು ವಾಪಸ್ ಬರುವುದಿಲ್ಲ. ಕ್ರೆಸೆಂಟ್ (ಸೋಸುವ ಜಾಲದ ಸುತ್ತ ಅರ್ಧಚಂದ್ರಾಕಾರದ ಕಣಗಳ ಗುಂಪು) ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಈಗ ಉರಿಯುತ್ತಿರುವ ಕಾಯಿಲೆ, ಔಷಧಿಗೆ ಬಗ್ಗುವ ಸಾಧ್ಯತೆ ಇದೆ, ಆದರೆ ದಿನಗಳ ಲೆಕ್ಕದಲ್ಲಿ ಚಿಕಿತ್ಸೆ ಶುರುವಾಗಬೇಕು. ಎಫ್‌ಎಸ್‌ಜಿಎಸ್ ಅಂತ ಬಂದರೆ ಅದೂ ಪೂರ್ತಿ ಉತ್ತರ ಅಲ್ಲ, ಅದೊಂದು ಕಲೆಯ ಮಾದರಿ. ಯಾಕೆ ಬಂತು ಅಂತ ಮತ್ತೆ ಕೇಳಬೇಕು. "ನೆಫ್ರೋಟಿಕ್ ಸಿಂಡ್ರೋಮ್" ಕೂಡ ಅಷ್ಟೇ: ದಿನಕ್ಕೆ 3.5 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಸೋರಿಕೆ, ರಕ್ತದಲ್ಲಿ ಆಲ್ಬುಮಿನ್ ಕಡಿಮೆ, ಮೈ ಊತ, ಇವೆಲ್ಲ ಸೇರಿದ ಸ್ಥಿತಿಯ ಹೆಸರು, ಕಾರಣದ ಹೆಸರಲ್ಲ. ಮತ್ತೆ, ಕಿಡ್ನಿ ಆಗಲೇ ಕುಗ್ಗಿ ಸಣ್ಣದಾಗಿದ್ದರೆ ಬಯಾಪ್ಸಿ ಬೇಡ ಅನ್ನುತ್ತಾರೆ. ಅಪಾಯ ಜಾಸ್ತಿ, ಸಿಗುವ ಮಾಹಿತಿ ಕಡಿಮೆ. ಅದು ಸರಿಯಾದ ನಿರ್ಧಾರವೇ.

ಹಂತ 6: ಎತ್ತ ಸಾಗುತ್ತಿದೆ?

ಜಿ3 ಆದಮೇಲೆ ಜಿ4, ಆಮೇಲೆ ಜಿ5, ಆಮೇಲೆ ಡಯಾಲಿಸಿಸ್ ಅಂತ ಮೆಟ್ಟಿಲು ಇಳಿದ ಹಾಗೆ ಎಲ್ಲರೂ ಇಳಿಯೋದಿಲ್ಲ. ಎಷ್ಟೋ ಜನ ಜಿ3ರಲ್ಲೇ ಜೀವಮಾನ ಕಳೆಯುತ್ತಾರೆ. ಅವರಿಗೆ ಡಯಾಲಿಸಿಸ್‌ಗಿಂತ ಹೃದಯದ ಕಾಯಿಲೆಯ ಅಪಾಯ ದೊಡ್ಡದು, ಹಾಗಾಗಿ ಕೊಲೆಸ್ಟರಾಲ್ ಮಾತ್ರೆ ಕೊಟ್ಟರೆ ಆಶ್ಚರ್ಯಪಡಬೇಡಿ.

ಇಜಿಎಫ್‌ಆರ್ 52, 49, 53 ಅಂತ ಆಡುವುದು ಸಹಜ. ಹಿಂದಿನದಕ್ಕಿಂತ 20%ಗಿಂತ ಜಾಸ್ತಿ ಬದಲಾದರೆ ಅದನ್ನು ವಿಚಾರಿಸಬೇಕು. ವರ್ಷಕ್ಕೆ 5ಕ್ಕಿಂತ ಹೆಚ್ಚು ಇಳಿಯುತ್ತಾ ಹೋದರೆ ವೇಗ ಜಾಸ್ತಿ ಅಂತ. ಕಿಡ್ನಿ ಫೇಲ್ಯೂರ್ ರಿಸ್ಕ್ ಈಕ್ವೇಷನ್ ಅನ್ನೋ ಲೆಕ್ಕ ಇದೆ. ಇಜಿಎಫ್‌ಆರ್ 60ಕ್ಕಿಂತ ಕೆಳಗಿರುವವರು ವಯಸ್ಸು, ಲಿಂಗ, ಇಜಿಎಫ್‌ಆರ್, ಎಸಿಆರ್ ಹಾಕಿದರೆ ಎರಡು ಮತ್ತು ಐದು ವರ್ಷದಲ್ಲಿ ಡಯಾಲಿಸಿಸ್ ಅಥವಾ ಕಸಿ ಬೇಕಾಗುವ ಸಾಧ್ಯತೆ ಶೇಕಡಾವಾರು ಹೇಳುತ್ತದೆ. "ನನ್ನ ಐದು ವರ್ಷದ ರಿಸ್ಕ್ ಎಷ್ಟು?" ಅಂತ ಡಾಕ್ಟರನ್ನೇ ಕೇಳಿ, ಒಬ್ಬರೇ ರಾತ್ರಿ ಕೂತು ಲೆಕ್ಕ ಹಾಕೋದಕ್ಕಿಂತ ಅದು ವಾಸಿ.

ಒಂದು ಎಚ್ಚರಿಕೆ. ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ 30%ವರೆಗೆ ಏರಬಹುದು. ಸಕ್ಕರೆ ಕಾಯಿಲೆಗೂ ಕೊಡುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಶುರುವಾದಾಗಲೂ ಇಜಿಎಫ್‌ಆರ್ ಮೊದಲು ಸ್ವಲ್ಪ ತಗ್ಗುತ್ತದೆ. ಕಿಡ್ನಿಯ ಒಳಗಿನ ಒತ್ತಡ ಇಳಿದದ್ದರ ಗುರುತು ಅದು. ದೀರ್ಘಕಾಲದಲ್ಲಿ ಕಿಡ್ನಿ ಉಳಿಸುವ ಮಾತ್ರೆಗಳೇ ಇವು. "ಮಾತ್ರೆಯಿಂದ ಕಿಡ್ನಿ ಹಾಳಾಯ್ತು" ಅಂತ ಬಿಟ್ಟುಬಿಡುವವರು ಬಹಳ, ದಯವಿಟ್ಟು ಆ ಸಾಲಿಗೆ ಸೇರಬೇಡಿ. ಏರಿಕೆ 30% ದಾಟಿದರೆ ಅಥವಾ ಪೊಟ್ಯಾಸಿಯಂ ಏರಿದರೆ ಡಾಕ್ಟರೇ ಮುಂದಿನದು ಹೇಳುತ್ತಾರೆ.

ಜಿ5 ಅಂದ ತಕ್ಷಣ ಡಯಾಲಿಸಿಸ್ ಅಂತಲೂ ಇಲ್ಲ. ವಾಕರಿಕೆ, ಊತ, ಉಸಿರಾಟದ ಕಷ್ಟ, ಹತೋಟಿಗೆ ಬಾರದ ಪೊಟ್ಯಾಸಿಯಂ, ಇವನ್ನೆಲ್ಲ ನೋಡಿ ನಿರ್ಧಾರ ಮಾಡುತ್ತಾರೆ. ಆದರೆ ತಯಾರಿ ಮುಂಚೆಯೇ ಬೇಕು. ಇಜಿಎಫ್‌ಆರ್ 20ರ ಆಸುಪಾಸಿಗೆ ಬಂದಾಗಲೇ ಕಸಿಯ ಮಾತು ಎತ್ತಿ. ಬರೆಯದ ಕೈಯ ರಕ್ತನಾಳಗಳಿಗೆ ಸೂಜಿ ಚುಚ್ಚಿಸಿಕೊಳ್ಳಬೇಡಿ, ಮುಂದೆ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಕೈಯ ರಕ್ತನಾಳಗಳನ್ನು ಜೋಡಿಸೋದು) ಮಾಡಲು ಅವು ಬೇಕು. ರಕ್ತ ತೆಗೆಯಲು ಬಂದವರಿಗೆ ಅಂಗೈಯ ಹಿಂಭಾಗ ತೋರಿಸಿ.

ಹಂತ 7: ಡಾಕ್ಟರ ಮುಂದೆ ಕೂತಾಗ

ಹತ್ತು ನಿಮಿಷ ಸಿಗಬಹುದು, ಅಷ್ಟೇ. ಮೊದಲ ಪ್ರಶ್ನೆಯೇ ಹೀಗಿರಲಿ: "ನನ್ನ ಕಾಯಿಲೆಯನ್ನು ಒಂದು ಸಾಲಿನಲ್ಲಿ ಬರೆದುಕೊಡಿ. ಕಾರಣ, ಜಿ ಎಷ್ಟು, ಎ ಎಷ್ಟು." ಉದಾಹರಣೆಗೆ "ಐಜಿಎ ನೆಫ್ರೋಪತಿ, ಜಿ2 ಎ3" ಅಂತ. ಕಾರಣ ಗೊತ್ತಿಲ್ಲದಿದ್ದರೆ "ಕಾರಣ ತಿಳಿದಿಲ್ಲ" ಅಂತಲೇ ಬರೆಯಲಿ, ಊಹೆಯ ಲೇಬಲ್‌ಗಿಂತ ಅದು ಪ್ರಾಮಾಣಿಕ. ಆಮೇಲೆ ಬಿಪಿ ಎಷ್ಟಕ್ಕೆ ಇಳಿಸಬೇಕು, ಮುಂದಿನ ಟೆಸ್ಟ್ ಯಾವಾಗ, ಯಾವ ಮಾತ್ರೆ ಮುಟ್ಟಬಾರದು, ವಾಂತಿ-ಭೇದಿ ಆದ ದಿನ ಯಾವ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕು. ಆಹಾರದ ಪಟ್ಟಿ ಬೇರೆಯವರದ್ದನ್ನು ನಕಲು ಮಾಡಬೇಡಿ. ಪೊಟ್ಯಾಸಿಯಂ ಸರಿಯಿರುವವರು ಸುಮ್ನೆ ಹಣ್ಣು ಬಿಟ್ಟು ಕೂರುವ ಅಗತ್ಯ ಇಲ್ಲ. ಪೊಟ್ಯಾಸಿಯಂ ಜಾಸ್ತಿ ಬಂದಿದ್ದರೂ ರಕ್ತದ ಸ್ಯಾಂಪಲ್ ಟ್ಯೂಬಿನಲ್ಲೇ ಒಡೆದು ಸುಳ್ಳು ಏರಿಕೆ ತೋರಿಸಿರಬಹುದು, ರಿಪೋರ್ಟ್‌ನಲ್ಲಿ "ಹೀಮೊಲೈಸ್ಡ್" ಅನ್ನೋ ಪದ ಇದೆಯಾ ನೋಡಿ. ಇದ್ದರೂ ಸುಮ್ಮನಿರಬೇಡಿ, ಅವತ್ತೇ ಮತ್ತೆ ರಕ್ತ ಕೊಡಿ.

ಅಪಾಯಿಂಟ್‌ಮೆಂಟ್‌ಗೆ ಕಾಯದೆ ಹೋಗಬೇಕಾದ ಸಂದರ್ಭಗಳೂ ಇವೆ. ಮೂತ್ರ ದಿಢೀರ್ ನಿಂತರೆ ಅಥವಾ ತೀರಾ ಕಡಿಮೆಯಾದರೆ, ಮಲಗಿದರೆ ಉಸಿರು ಕಟ್ಟಿದರೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಮುಖ-ಕಾಲು ಕೆಲವೇ ದಿನದಲ್ಲಿ ಊದಿಕೊಂಡರೆ, ಮಾತು ತೊದಲಿ ಮಂಪರು ಬಂದರೆ, ಪೊಟ್ಯಾಸಿಯಂ 6 ಅಥವಾ ಅದಕ್ಕಿಂತ ಜಾಸ್ತಿ ಅಂತ ಲ್ಯಾಬ್‌ನಿಂದ ಫೋನ್ ಬಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಹೋಗುವಾಗ ಮೊದಲ ಹಂತದಲ್ಲಿ ಬರೆದ ಹಾಳೆಯ ಫೋಟೋ ಮೊಬೈಲ್‌ನಲ್ಲಿ ಇರಲಿ. ಅಲ್ಲಿ ಡ್ಯೂಟಿಯಲ್ಲಿ ಇರುವ ಡಾಕ್ಟರಿಗೆ ನಿಮ್ಮ ಹಳೆಯ ಕ್ರಿಯಾಟಿನಿನ್ ಎಷ್ಟಿತ್ತು ಅಂತ ಗೊತ್ತಿರೋದಿಲ್ಲ.